ಬಾಗಿಲಲ್ಲಿ ತಡ, ಒಳಗೆ ಅವಸರ

ಕೂಲಿ ಮಾಡುವವರ ಜೊತೆ ಕೂತು ಬೈಬಲಿನ ಮತ್ತಾಯ 20ನೇ ಅಧ್ಯಾಯದಲ್ಲಿ ಯೇಸು ಹೇಳಿದ ಕತೆಯನ್ನು ಓದಿ ನೋಡಬೇಕು. ದ್ರಾಕ್ಷಿತೋಟದ ಯಜಮಾನ ಬೆಳಗಾಗುತ್ತಲೇ ಹೋಗಿ ಆಳುಗಳನ್ನು ಕರೆಯುತ್ತಾನೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಹೋಗುತ್ತಾನೆ. ಸಂಜೆ ಐದಕ್ಕೂ ಹೋಗುತ್ತಾನೆ. ಬಟವಾಡೆ ಹೊತ್ತಿಗೆ ಎಲ್ಲರಿಗೂ ಒಂದೇ ಕೂಲಿ. ಅದೂ ಕೊನೆಗೆ ಬಂದವರಿಗೆ ಮೊದಲು.

ನಾನು ಕೊಡಗಿನ ಸಿದ್ದಾಪುರ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಹಾಜರಿ ಹಾಕುವುದು, ಹಣ್ಣು ತೂಗುವುದು, ವಾರದ ಬಟವಾಡೆ, ಇಷ್ಟು ನನ್ನ ಕೆಲಸ. ಭಾನುವಾರ ಸಂಜೆ ಲೈನ್‌ಮನೆಯ, ಅಂದರೆ ಕೂಲಿಯವರ ಸಾಲುಮನೆಯ, ಜಗಲಿಯಲ್ಲಿ ಕೆಲವರು ಸೇರಿ ಬೈಬಲ್ ಓದುತ್ತೇವೆ. ಈ ಭಾಗ ಮುಗಿಯುತ್ತಲೇ ಅಲ್ಲಿದ್ದ ಹಿರಿಯ ಅಕ್ಕ ಒಬ್ಬರು ಕೇಳಿದರು: "ಅಲ್ಲ ರೈಟ್ರೇ, ಚಿಕ್ಕಂದಿನಿಂದ ದೇವರಿಗೆ ಹೆದರಿ ಬದುಕಿದ ನನಗೂ ಅದೇ ರಕ್ಷಣೆ, ಆಯಸ್ಸೆಲ್ಲ ಕುಡಿದು ಕೊನೆಗೆ ಬಂದವನಿಗೂ ಅದೇ ರಕ್ಷಣೆ. ಇದು ಹೇಗೆ ಸರಿ?"

ರಕ್ಷಣೆ ಅಂದರೆ ಪಾಪದಿಂದ ದೇವರು ಕೊಡುವ ಬಿಡುಗಡೆ; ಕತೆಯ ಕೂಲಿಯನ್ನು ಅವರು ಹಾಗೆ ಓದಿದ್ದರು. ಅವರ ಪ್ರಶ್ನೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಕುಯ್ಲಿನ ಸಮಯದಲ್ಲಿ ನಾವು ಕೊಡುವುದು ಕಿಲೋ ಲೆಕ್ಕದಲ್ಲಿ. ಐದು ಗಂಟೆಗೆ ಬಂದವನ ಚೀಲದಲ್ಲಿ ಏನಿರುತ್ತದೆ? ಅವನಿಗೂ ಪೂರ್ತಿ ಬರೆದರೆ ಮರುದಿನ ಬೆಳಿಗ್ಗೆ ಎಂಟಕ್ಕೆ ತೋಟಕ್ಕೆ ಯಾರು ಬರುತ್ತಾರೆ?

ನಮಗೆ ಉತ್ತರ ಸಿಕ್ಕಿದ್ದು ಅಲ್ಲೇ ಕೂತಿದ್ದ ಇನ್ನೊಬ್ಬರಿಂದ. ಅವರು ಕೇಳಿದ್ದು ಇಷ್ಟೇ: "ಐದು ಗಂಟೆವರೆಗೂ ಅಲ್ಲಿ ನಿಂತಿದ್ದವರು ಯಾರು?" ನಮ್ಮ ಕಡೆ ಬೆಳಿಗ್ಗೆ ಸರ್ಕಲ್‌ಗೆ ಜೀಪು, ಪಿಕಪ್ ಬರುತ್ತವೆ. ಗಟ್ಟಿಮುಟ್ಟಾದವರು ಮೊದಲು ಹತ್ತುತ್ತಾರೆ. ಉಳಿಯುವವರು ಯಾರು ಅಂತ ಎಲ್ಲರಿಗೂ ಗೊತ್ತು. ವಯಸ್ಸಾದವರು, ಕಾಲು ನೋವಿನವರು, ಕಂಕುಳಲ್ಲಿ ಮಗು ಇರುವವರು, ರಾತ್ರಿಯ ಕುಡಿತ ಇನ್ನೂ ಇಳಿಯದವರು. ಯೇಸು ಹೇಳಿದ ಕತೆಯಲ್ಲೂ ಅವರು "ನಮ್ಮನ್ನು ಯಾರೂ ಕರೆಯಲಿಲ್ಲ" ಎನ್ನುತ್ತಾರೆ. ಆದರೂ ಸಂಜೆವರೆಗೆ ನಿಂತೇ ಇದ್ದಾರೆ. ಬರಿಗೈಯಲ್ಲಿ ಮನೆಗೆ ಹೋಗಲು ಆಗುವುದಿಲ್ಲ, ಅಲ್ವಾ? ಕತ್ತಲಾಗಲು ಒಂದು ತಾಸು ಇರುವಾಗ ಯಾವ ಯಜಮಾನನಿಗೂ ಆಳು ಬೇಕಾಗಿರುವುದಿಲ್ಲ. ಅವನು ಹೋದದ್ದು ಆ ಜನಕ್ಕಾಗಿ. ರಕ್ಷಣೆ ಎಲ್ಲರಿಗೂ ತೆರೆದಿದೆ ಎಂದು ನಾನು ನಂಬುವುದು ಈ ಐದು ಗಂಟೆಯ ಕರೆಯಿಂದಲೇ.

ಕೊಡಗಿನ ನೆಲದಲ್ಲೂ ಇದು ನಡೆದಿದೆ. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಶುರು ಮಾಡಿದ ಬಾಸೆಲ್ ಮಿಷನ್ನಿನ ಪಾದ್ರಿ ಹರ್ಮನ್ ಮೋಗ್ಲಿಂಗ್ 1850ರ ದಶಕದಲ್ಲಿ ಇಲ್ಲಿಗೆ ಬಂದರು. ಮೋಗ್ಲಿಂಗ್ ಅವರಿಂದ ಅಲ್ಮಂಡ ಎಂಬ ಕೊಡವ ಮನೆತನದ ಸೋಮಯ್ಯ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಪಡೆದರು. ಅದೇ ದಶಕದಲ್ಲಿ, ಮುಟ್ಟಬಾರದವರೆಂದು ಊರು ದೂರ ಇಟ್ಟಿದ್ದ, ಬೇರೆಯವರ ಗದ್ದೆಗಳಲ್ಲಿ ದುಡಿಯುತ್ತಿದ್ದ ಜನ ಆನಂದಪುರದಲ್ಲಿ ಕ್ರೈಸ್ತ ಸಭೆಯಾಗಿ ಸೇರಿದರು. ಭೂಮಿ ಇದ್ದ ಮನೆಯವರಿಗೂ ಭೂಮಿಯಲ್ಲಿ ದುಡಿದವರಿಗೂ ದೀಕ್ಷಾಸ್ನಾನದ ನೀರು ಒಂದೇ, ಪ್ರಭುಭೋಜನದ ರೊಟ್ಟಿ ಒಂದೇ. ಆಗಿನ ಕೊಡಗಿನಲ್ಲಿ ಇದು ಸಣ್ಣ ಮಾತಲ್ಲ.

ನನ್ನ ಮನಸ್ಸನ್ನು ಈಗ ಕಾಡುತ್ತಿರುವುದು ಬೇರೆ. ನಮ್ಮ ಜಗಲಿಯ ಓದಿಗೆ ಒಬ್ಬ ತಮ್ಮ ಬರುತ್ತಾನೆ. ಮರಗಸಿಯಲ್ಲಿ, ಅಂದರೆ ತೋಟದ ನೆರಳುಮರದ ಕೊಂಬೆ ಸವರುವುದರಲ್ಲಿ, ಕೈ ಪಳಗಿದವನು. ಅವನಿಗೆ ಯೇಸುವಿನ ಮೇಲೆ ನಂಬಿಕೆ ಬಂದಿದೆ. ಕುಡಿತ ಪೂರ್ತಿ ಬಿಟ್ಟಿಲ್ಲ. ದೀಕ್ಷಾಸ್ನಾನ ಕೇಳಿದ್ದಾನೆ. "ಮೊದಲು ಬಿಡಲಿ, ಆಮೇಲೆ ನೋಡೋಣ" ಎಂದು ಸಭೆಯ ಕೆಲವರು ಹೇಳುತ್ತಾರೆ. ಅವರು ಕೆಟ್ಟವರಲ್ಲ, ಸಭೆಯ ಹೆಸರಿನ ಚಿಂತೆ ಅವರಿಗೆ. ಆದರೆ ಮೊದಲ ಸಭೆಗಳ ಕತೆ ಹೇಳುವ ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ ನಾನು ಓದುವುದು ಇದನ್ನಲ್ಲ. ರೋಮಿನ ಸೇನಾಧಿಕಾರಿ ಕೊರ್ನೇಲ್ಯನ ಮನೆಯವರು ಯೇಸುವಿನ ಶಿಷ್ಯ ಪೇತ್ರನ ಮಾತು ಕೇಳಿದ ಹೊತ್ತಿಗೇ ದೀಕ್ಷಾಸ್ನಾನ ಹೊಂದಿದರು. ಫಿಲಿಪ್ಪಿಯ ಸೆರೆಮನೆ ಕಾಯುವವನು ಅದೇ ರಾತ್ರಿ. ಬಾಗಿಲಲ್ಲಿ ತಡವೇ ಇಲ್ಲ.

ಒಳಗೆ ಮಾತ್ರ ತುಂಬಾ ನಿಧಾನ. ಕೊರ್ನೇಲ್ಯನಿಗೆ ಬಾಗಿಲು ತೆರೆದ ಅದೇ ಪೇತ್ರ ಮುಂದೆ ಅಂತಿಯೋಕ್ಯದಲ್ಲಿ ಜನರಿಗೆ ಹೆದರಿ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಊಟದ ಪಂಕ್ತಿಯಿಂದ ಹಿಂದೆ ಸರಿದ. ಅಪೊಸ್ತಲ ಪೌಲ ಎದುರಿಗೇ ಅವನ ತಪ್ಪು ಹೇಳಬೇಕಾಯಿತು. ಯೇಸುವಿನ ಜೊತೆ ತಿರುಗಿದವನಿಗೇ ಕಲಿಯುವುದು ಅಷ್ಟು ಉಳಿದಿತ್ತು. ಇನ್ನು ಮಾರ್ಕ. ಸುವಾರ್ತೆ ಸಾರಲು ಪೌಲ, ಬಾರ್ನಬರ ಜೊತೆ ಹೊರಟ ಮೊದಲ ಪ್ರಯಾಣದಲ್ಲಿ ಪಂಫುಲ್ಯ ಸೀಮೆಯಿಂದ ಅರ್ಧಕ್ಕೇ ಬಿಟ್ಟು ಹೋದ. ಮುಂದಿನ ಸಲ ಅವನು ಬೇಡವೇ ಬೇಡ ಎಂದ ಪೌಲ. ಬಾರ್ನಬ ಒಪ್ಪಲಿಲ್ಲ. ಆ ಜಗಳದಲ್ಲಿ ಇಬ್ಬರೂ ಬೇರೆಯಾದರು, ಬಾರ್ನಬ ಮಾರ್ಕನನ್ನು ಕರೆದುಕೊಂಡು ಕುಪ್ರ ದ್ವೀಪಕ್ಕೆ ಹಡಗು ಹತ್ತಿದ. ಅಲ್ಲಿ ಅವನಿಗೆ ಏನು ಹೇಳಿಕೊಟ್ಟ, ಎಷ್ಟು ಸಹಿಸಿಕೊಂಡ, ಒಂದು ಸಾಲೂ ಬರೆದಿಟ್ಟಿಲ್ಲ. ಮುಂದೆ ಸೆರೆಯಲ್ಲಿದ್ದ ಪೌಲನೇ ತಿಮೊಥೆಯನಿಗೆ ಪತ್ರ ಬರೆದು, ಮಾರ್ಕನನ್ನು ಕರೆದುಕೊಂಡು ಬಾ, ಅವನಿಂದ ನನಗೆ ಉಪಯೋಗವಿದೆ ಎನ್ನುತ್ತಾನೆ. ಬೈಬಲಿನಲ್ಲಿ ನನಗೆ ತುಂಬಾ ಇಷ್ಟವಾದ ಸಾಲುಗಳಲ್ಲಿ ಅದೊಂದು.

ನಾವು ಇದನ್ನು ತಿರುಗಿಸಿಬಿಟ್ಟಿದ್ದೇವೆ. ಬಾಗಿಲಲ್ಲಿ ಕಾಯಿಸುತ್ತೇವೆ, ಒಳಗೆ ಬಂದವರು ನಾಳೆಯೇ ಸಂತರಾಗಬೇಕು ಎನ್ನುತ್ತೇವೆ. ಪೇತ್ರನ ಎರಡನೇ ಪತ್ರದ 3ನೇ ಅಧ್ಯಾಯದಲ್ಲಿ ಈ ಎರಡೂ ಒಟ್ಟಿಗೇ ಇವೆ. ಯಾರೂ ನಾಶವಾಗಬಾರದು, ಎಲ್ಲರೂ ದೇವರ ಕಡೆಗೆ ತಿರುಗಿಕೊಳ್ಳಬೇಕು ಎಂದೇ ಕರ್ತನು ತಾಳಿಕೊಂಡಿದ್ದಾನೆ ಎನ್ನುತ್ತದೆ 9ನೇ ವಚನ. ಕೃಪೆಯಲ್ಲಿ ಬೆಳೆಯಿರಿ ಎಂದು ಅಧ್ಯಾಯ ಮುಗಿಯುತ್ತದೆ. ಬೆಳೆಯಲು ಅವನು ಕೊಟ್ಟ ಸಮಯವನ್ನು ನಾವು ಯಾಕೆ ಕಿತ್ತುಕೊಳ್ಳಬೇಕು?

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ತಾಳ್ಮೆ ಅಂದರೆ ದೀಕ್ಷಾಸ್ನಾನ ಕೇಳಿದ ಆ ತಮ್ಮನ ಹೆಂಡತಿ ಸುಮ್ನೆ ಹೊಡೆತ ತಿನ್ನುತ್ತಾ ಇರಲಿ ಅಂತಲ್ಲ. ಕೈ ಎತ್ತಿದರೆ ಆ ತಂಗಿ, ಮಕ್ಕಳು ಇರಲು ನಮ್ಮ ಮನೆಯಲ್ಲಿ ಜಾಗ ಇದೆ. ಅವನಿಗೂ ಇದನ್ನು ಹೇಳಿದ್ದೇನೆ.

ಈಸ್ಟರ್‌ಗೆ ಅವನಿಗೆ ದೀಕ್ಷಾಸ್ನಾನ ಕೊಡಿ ಎಂದು ನಮ್ಮ ಸಭೆಯ ಪಾದ್ರಿ ಅಯ್ಯನವರ ಹತ್ತಿರ ಕೇಳಿದ್ದೇನೆ. ಕುಡಿತದ ವಿಷಯ ಮುಚ್ಚಿಟ್ಟಿಲ್ಲ. ಬಟವಾಡೆ ದಿನ ಬ್ರಾಂಡಿ ಅಂಗಡಿ ದಾಟುವುದೇ ಅವನಿಗೆ ಕಷ್ಟ. ಹಾಗಾಗಿ ಆ ಸಂಜೆ ನಮ್ಮಲ್ಲಿ ಒಬ್ಬರು ಅವನ ಜೊತೆ ಸಂತೆಗೆ ಹೋಗಿ, ಅಕ್ಕಿ ಬೇಳೆ ತೆಗೆದುಕೊಂಡು ಲೈನ್‌ವರೆಗೆ ಬರುತ್ತೇವೆ. ಉಳಿದ ದುಡ್ಡನ್ನು ಅವನೇ ಹೆಂಡತಿ ಕೈಗೆ ಕೊಡುತ್ತಾನೆ. ಈ ವಾರ ನನ್ನ ಸರದಿ.