"ನೀವು ಯಾವ ಕಡೆ?" ಅಂತ ಕೇಳೋರಿಗೆ

ನನ್ನ ಊರು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕು, ಮನೆ ಬೆಂಗಳೂರು. ಇಷ್ಟು ಹೇಳಿದರೆ ಸಾಕು, ಎದುರಿಗಿದ್ದವರು ಚುರುಕಾಗುತ್ತಾರೆ. "ಹಾಗಾದ್ರೆ ಕಾವೇರಿ ವಿಷಯದಲ್ಲಿ ನೀವು ಯಾವ ಕಡೆ? ರೈತರ ಕಡೆನಾ, ನಮ್ಮ ಬೆಂಗಳೂರಿನ ಕಡೆನಾ?" ಮದುವೆ ಪಂಕ್ತಿಯಲ್ಲಿ ಕೇಳಿದ್ದಾರೆ, ಲಿಫ್ಟಿನಲ್ಲಿ ಕೇಳಿದ್ದಾರೆ, ಹಲ್ಲು ಕೀಳುವಾಗ ಡಾಕ್ಟರೂ ಕೇಳಿದ್ದಾರೆ. ಬಾಯಲ್ಲಿ ಹತ್ತಿ ಇತ್ತು, ಅವತ್ತು ಬಚಾವಾದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

2024ರ ಮಾರ್ಚ್. ಬೋರ್‌ವೆಲ್‌ಗಳು ಬತ್ತಿ ಎಲ್ಲರೂ ಟ್ಯಾಂಕರ್‌ಗೆ ಕಾಯುತ್ತಿದ್ದ ಕಾಲ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ನಮ್ಮ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಒಬ್ಬರು ಎದ್ದು ನನ್ನತ್ತ ತಿರುಗಿದರು. "ಸಾರ್, ಕುಡಿಯೋ ನೀರಿಗೂ ಅಡ್ಡ ಬಂದ್ರೆ ಹೇಗೆ? ಭತ್ತ, ಕಬ್ಬು ಬಿಟ್ಟು ರಾಗಿ ಬೆಳೀರಿ ಅಂತ ನಿಮ್ಮೋರಿಗೆ ಸ್ವಲ್ಪ ಹೇಳಿ." ಇಡೀ ಮಂಡ್ಯ ಜಿಲ್ಲೆ ನನ್ನ ಮಾತಿಗೆ ಕಾದು ಕೂತಿದೆ ಅನ್ನೋ ಹಾಗೆ. ಅವರ ಫ್ಲ್ಯಾಟಿನಲ್ಲಿ ಬಾತ್‌ಟಬ್ ಇದೆ. ಗೃಹಪ್ರವೇಶದ ದಿನ ಬಂದವರಿಗೆಲ್ಲ ತೋರಿಸಿದ್ದರು.

'ಕುಡಿಯೋ ನೀರು' ಅನ್ನೋ ಮಾತೇ ನನಗೆ ಆಗಿಬರೋದಿಲ್ಲ. ಒಬ್ಬ ಮನುಷ್ಯ ಕುಡಿಯೋದು ದಿನಕ್ಕೆ ಮೂರ್ನಾಲ್ಕು ಲೀಟರ್. ಉಳಿದದ್ದು ಸ್ನಾನ, ಬಟ್ಟೆ, ಫ್ಲಶ್. ಬೇಡ ಅಂತಲ್ಲ, ನಾನೂ ಫ್ಲಶ್ ಮಾಡುತ್ತೇನೆ. ಆದರೆ ಎಲ್ಲಕ್ಕೂ ಸೇರಿಸಿ ಕುಡಿಯೋ ನೀರು ಅಂದುಬಿಟ್ಟರೆ ಆ ಕಡೆಯವರು ಮಾತಾಡೋ ಹಾಗೇ ಇಲ್ಲ. ಕುಡಿಯೋಕೆ ನೀರು ಕೊಡಲ್ಲ ಅಂತ ಯಾರಾದರೂ ಹೇಳೋಕಾಗುತ್ತಾ?

ಭತ್ತಕ್ಕೆ, ಕಬ್ಬಿಗೆ ನೀರು ಜಾಸ್ತಿ ಬೇಕು, ಒಪ್ಪಿದೆ. ಕೆಆರ್‌ಎಸ್‌ನಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಮೇಲ್ಭಾಗದವರು ಎಳೆದುಕೊಂಡರೆ ಕೊನೇ ಭಾಗದ ನಮಗೆ ನೀರು ಮುಟ್ಟೋದಿಲ್ಲ, ಅದನ್ನೂ ಒಪ್ಪಿದೆ. ನಮ್ಮ ನಮ್ಮಲ್ಲೇ ಬೇಕಾದಷ್ಟು ಜಗಳ ಇದೆ. ತಮಾಷೆ ಅಂದರೆ, ಬೆಂಗಳೂರಿಗೆ ಕಾವೇರಿ ಹೊರಡುವ ತೊರೆಕಾಡನಹಳ್ಳಿ ಇರೋದು ಅದೇ ನಮ್ಮ ತಾಲ್ಲೂಕಿನಲ್ಲಿ. ಅಲ್ಲಿಂದ ಹಾರೋಹಳ್ಳಿ, ತಾತಗುಣಿ ಮೂಲಕ ಸುಮಾರು 100 ಕಿ.ಮೀ. ದೂರ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡುತ್ತಾರೆ. 2024ರ ಅಕ್ಟೋಬರಿನಲ್ಲಿ ಈ ಯೋಜನೆಯ ಐದನೇ ಹಂತ ಶುರುವಾಯಿತು. ದಿನಕ್ಕೆ ಇನ್ನೂ 77.5 ಕೋಟಿ ಲೀಟರ್. ನಮ್ಮೂರ ನಾಲೆಗೆ ಎಷ್ಟು ಸೇರಿತು ಅಂತ ಮಾತ್ರ ಕೇಳಬೇಡಿ.

"ಸುಪ್ರೀಂ ಕೋರ್ಟೇ ಕೊಟ್ಟಿದೆಯಲ್ಲ" ಅನ್ನುತ್ತಾರೆ. ಹೌದು, 2018ರ ತೀರ್ಪಿನಲ್ಲಿ ಕರ್ನಾಟಕದ ಪಾಲು 284.75 ಟಿಎಂಸಿ, ಅದರಲ್ಲಿ ಬೆಂಗಳೂರಿಗೆ ಅಂತ ಸೇರಿಸಿದ್ದು 4.75. ನಗರಕ್ಕೆ ಹೋದ ನೀರಿನಲ್ಲಿ ಖರ್ಚಾಗೋದು ಐದನೇ ಒಂದು ಭಾಗ, ಉಳಿದದ್ದು ನದಿಗೆ ವಾಪಸ್ ಅನ್ನೋ ಲೆಕ್ಕ ಅದು. ವಾಪಸ್ ಬರುತ್ತೆ, ಸುಳ್ಳಲ್ಲ. ವೃಷಭಾವತಿಯ ನೊರೆಯ ಜೊತೆ ಅರ್ಕಾವತಿಗೆ ಇಳಿದು, ಸಂಗಮದಲ್ಲಿ ಕಾವೇರಿಗೆ ಸೇರುತ್ತೆ. ಅಷ್ಟರಲ್ಲಿ ನದಿ ನಮ್ಮ ಗದ್ದೆಗಳನ್ನೆಲ್ಲ ದಾಟಿ ಹೋಗಿರುತ್ತೆ. ಇನ್ನೊಂದಷ್ಟನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡುತ್ತಾರೆ. ಕೋಲಾರದವರ ಅಂತರ್ಜಲ ಏರಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಇದೆ.

ಆ ಸಭೆಯಾದ ಮುಂದಿನ ವಾರ ಊರಿಗೆ ಹೋಗಿದ್ದೆ. ಹಿಂದಿನ ಮಳೆಗಾಲದಲ್ಲಿ ಕೆಆರ್‌ಎಸ್ ತುಂಬಿರಲಿಲ್ಲ. ಇದ್ದ ನೀರು ಕುಡಿಯೋಕೆ ಮೀಸಲು. ಸೋದರಮಾವ ಒಣ ನಾಲೆಯ ಏರಿ ಮೇಲೆ ಕೂತು ಹಳೇ ನೀರುಗಂಟಿಯ, ಅಂದರೆ ಊರಿನ ಗದ್ದೆಗಳಿಗೆ ನೀರು ಹಂಚುತ್ತಿದ್ದವನ, ಕಥೆ ಹೇಳುತ್ತಿದ್ದರು. ಸರದಿ ಪ್ರಕಾರ ಕಟ್ಟು ನೀರು ಬಿಟ್ಟಾಗ ಅವನು ಗುದ್ದಲಿ ಹಿಡಿದು ನಿಲ್ಲುತ್ತಿದ್ದನಂತೆ. ಇವತ್ತು ಇವರಿಗೆ, ನಾಳೆ ಅವರಿಗೆ. ಸಾಲದೆ ಬಂದರೆ ಸ್ವಂತ ಅಣ್ಣನ ಗದ್ದೆಯ ತೂಬನ್ನೂ ಮುಚ್ಚಿ ಬೈಸಿಕೊಳ್ಳುತ್ತಿದ್ದನಂತೆ. ಮುಖ ಮುಖ ನೋಡಿಕೊಂಡೇ ಜಗಳ, ಮಾರನೇ ದಿನ ಅವರ ಮನೆಯಲ್ಲೇ ಕಾಫಿ.

ಎರಡು ರಾಜ್ಯಗಳ ಜಗಳಕ್ಕೆ ಒಂದು ಪ್ರಾಧಿಕಾರ ಇದೆ. ಬೆಂಗಳೂರಿನವರೂ ಮಂಡ್ಯದವರೂ ಹಾಗೆ ಎದುರುಬದುರು ಕೂತದ್ದನ್ನು ನಾನಂತೂ ನೋಡಿಲ್ಲ. ಯಾವ ಕಡೆ ಅಂತ ಕೇಳೋರು ಒಬ್ಬರಾದರೂ ಇದನ್ನು ಕೇಳಬಾರದಿತ್ತಾ? ಮಾವ ಕೇಳಿದರು.

"ನಿಮ್ ಬೆಂಗ್ಳೂರ್ಗೆ ನೀರುಗಂಟಿ ಯಾರ್ಲಾ?"

ಜಲಮಂಡಳಿ ಅಂತ ಏನೋ ಹೇಳಿದೆ.

"ಅವ್ರು ನೀರ್ ಬಿಡೋರು ಕಣ್ಲಾ. ಮುಚ್ಚೋರ್ ಯಾರು?"