‘ಝೋಕ್’ ಅಂದ್ರೂ ಇಲ್ಲ, ‘ನ್ಯೆತ್’ ಅಂದ್ರೂ ಇಲ್ಲ

ಸಬ್‌ಟೈಟಲ್ ಬರೆಯುವುದು ನನ್ನ ಕೆಲಸ. ಎಲ್ಲಿಯ ಸಿನಿಮಾ ಆದರೂ ನಮ್ಮ ಕೈಗೆ ಬರುವುದು ಇಂಗ್ಲಿಷ್ ಡೈಲಾಗ್ ಲಿಸ್ಟ್, ಅಂದರೆ ಚಿತ್ರದ ಮಾತೆಲ್ಲ ಇಂಗ್ಲಿಷ್‌ಗೆ ಇಳಿಸಿದ ಪಟ್ಟಿ. ಹೋದ ವರ್ಷ ಒಂದು ಸಣ್ಣ ಪ್ರದರ್ಶನಕ್ಕೆ ಕಝಾಕಿಸ್ತಾನದ ನಿರ್ದೇಶಕ ದರೆಜಾನ್ ಒಮಿರ್ಬಾಯೆವ್ ಅವರ ‘ಕಾರ್ಡಿಯೋಗ್ರಾಮ್’ ಬಂತು, 1995ರ ಚಿತ್ರ. ಮಾತು ಕಮ್ಮಿ. ಒಂದೂವರೆ ದಿನದಲ್ಲಿ ಮುಗಿಸಿ ಕಳಿಸಿಬಿಟ್ಟೆ.

ಕಥೆ ಇಷ್ಟೇ. ಹಳ್ಳಿ ಹುಡುಗ, ಹೃದಯದ ತೊಂದರೆ, ಸ್ಯಾನಿಟೋರಿಯಂಗೆ ಸೇರಿಸುತ್ತಾರೆ. ಅವನಿಗೆ ಬರುವುದು ಕಝಾಕ್ ಒಂದೇ, ಅಲ್ಲಿ ಎಲ್ಲರೂ ಆಡುವುದು ರಷ್ಯನ್. ಅದೂ ಅವನದೇ ನಾಡಿನಲ್ಲಿ!

ಟ್ರಯಲ್ ಶೋ ದಿನ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು, “ಈ ಹುಡುಗ ಯಾರಿಗೂ ಉತ್ತರ ಕೊಡ್ತಿಲ್ವಲ್ಲಮ್ಮ, ಪಾಪ, ಕಿವಿ ಕೇಳಲ್ವಾ?”

ನನ್ನ ಎದೆ ಧಸಕ್ಕೆಂದಿತು. ನಾನು ಎರಡೂ ಭಾಷೆಯನ್ನು ಒಂದೇ ಬಿಳಿ ಅಕ್ಷರದ ಕನ್ನಡ ಮಾಡಿಟ್ಟಿದ್ದೆ. ಹುಡುಗನಿಗೆ ಅರ್ಥವಾಗದ ಪ್ರತಿ ಮಾತೂ ಪ್ರೇಕ್ಷಕರಿಗೆ ಸಲೀಸಾಗಿ ಅರ್ಥವಾಗುತ್ತಿತ್ತು. ಸಿನಿಮಾ ಇದ್ದದ್ದೇ ಅಲ್ಲಿ, ಅದನ್ನೇ ಅಳಿಸಿದ್ದೆ.

ಆಮೇಲೆ ಓದಲು ಕೂತೆ (ಮೊದಲೇ ಓದಬೇಕಿತ್ತು, ಗೊತ್ತು). 1930ರ ದಶಕದ ಶುರುವಿನ ಬರಗಾಲದಲ್ಲಿ, ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಕಝಾಕಿಸ್ತಾನದಲ್ಲಿ ಸುಮಾರು 15 ಲಕ್ಷ ಜನ ಸತ್ತರು, ಹೆಚ್ಚಿನವರು ಕಝಾಕರೇ. ಲಿಪಿ 1929ರಲ್ಲಿ ಅರೇಬಿಕ್‌ನಿಂದ ಲ್ಯಾಟಿನ್‌ಗೆ, 1940ರಲ್ಲಿ ಸಿರಿಲಿಕ್‌ಗೆ ಬದಲಾಯಿತು, ಅಂದರೆ ಅಜ್ಜ ಬರೆದಿಟ್ಟದ್ದನ್ನು ಮೊಮ್ಮಗ ಓದಲಾರ. 1989ರ ಜನಗಣತಿ ಹೊತ್ತಿಗೆ ತಮ್ಮ ನೆಲದಲ್ಲೇ ಅವರು ಶೇಕಡಾ 40ರಷ್ಟು. ಪೇಟೆಯಲ್ಲಿ ಓದಿಗೂ ನೌಕರಿಗೂ ರಷ್ಯನ್ ಬೇಕಿತ್ತು. 1991ರಲ್ಲಿ ದೇಶ ಸ್ವತಂತ್ರವಾಯಿತು, ನಾಲ್ಕು ವರ್ಷಕ್ಕೆ ಈ ಚಿತ್ರ. ಕುದುರೆ, ಹದ್ದು, ಹಳೇ ಖಾನ್ ದೊರೆಗಳ ಕತ್ತಿ ಯಾವುದನ್ನೂ ನೆಚ್ಚಿಕೊಳ್ಳದೆ, ಮಾತು ತಿಳಿಯದೆ ಸುಮ್ನೆ ನಿಂತ ಒಬ್ಬ ಹುಡುಗನನ್ನು ತೋರಿಸಿ ಒಮಿರ್ಬಾಯೆವ್ ಇಷ್ಟನ್ನೂ ಹೇಳಿಬಿಡುತ್ತಾರೆ. ಯುದ್ಧದ ದೊಡ್ಡ ದೊಡ್ಡ ಚಿತ್ರಗಳಿಗಿಂತ ನನಗೆ ಇದೇ ಜಾಸ್ತಿ ನಾಟಿತು.

ಮತ್ತೆ ಮೊದಲಿನಿಂದ ಕೂತೆ, ಈ ಸಲ ಲಿಸ್ಟ್ ಮುಚ್ಚಿಟ್ಟು. ಎರಡೂ ಭಾಷೆ ನನಗೆ ಬರುವುದಿಲ್ಲ, ಕಿವಿಯೇ ಗತಿ. ‘ಝೋಕ್’ ಅಂದರೆ ಕಝಾಕ್ ‘ಇಲ್ಲ’, ‘ನ್ಯೆತ್’ ಅಂದರೆ ರಷ್ಯನ್ ‘ಇಲ್ಲ’. ‘ಇಯಾ’ ಕಝಾಕ್ ‘ಹೌದು’, ‘ದಾ’ ರಷ್ಯನ್ದು. ಲಿಸ್ಟ್‌ನಲ್ಲಿ ಎರಡಕ್ಕೂ ಒಂದೇ ‘ನೋ’, ಒಂದೇ ‘ಯೆಸ್’. ಗೊತ್ತಾಗದ ಕಡೆ ರಷ್ಯನ್ ಬಲ್ಲ ಗೆಳತಿಗೆ ಆಡಿಯೋ ತುಂಡು ಕಳಿಸಿದೆ. ಅವಳಿಗೆ ತಿಳಿಯದ್ದೆಲ್ಲ ಕಝಾಕ್, ಲೆಕ್ಕ ಸರಿಹೋಯಿತು.

ರಷ್ಯನ್ ಸಾಲುಗಳನ್ನು ಓರೆ ಅಕ್ಷರದಲ್ಲಿ ಹಾಕಿ ನೋಡಿದೆ. ಕನ್ನಡದ ಒತ್ತಕ್ಷರ ಓರೆಯಾದರೆ ಪರದೆ ಮೇಲೆ ಜಿರಳೆ ಹರಿದಂತೆ ಕಾಣುತ್ತದೆ! ಕೊನೆಗೆ ರಷ್ಯನ್‌ಗೆ ಹಳದಿ, ಕಝಾಕ್‌ಗೆ ಬಿಳಿ. ಹಿನ್ನೆಲೆಯಲ್ಲಿ ಕೇಳುವ ರಷ್ಯನ್ ಗುಜುಗುಜು ಪೂರ್ತಿ ತೆಗೆದೆ, ಅದು ಹುಡುಗನಿಗೆ ಹೇಗೆ ಬರೀ ಸದ್ದೋ ನಮಗೂ ಹಾಗೇ ಇರಲಿ ಅಂತ. ಇನ್ನೂ ನಾಲ್ಕು ದಿನ ಹಿಡಿಯಿತು. ದುಡ್ಡು ಒಂದೂವರೆ ದಿನದ್ದೇ.

ಈಗ ಕೆಲಸ ಒಪ್ಪಿಕೊಳ್ಳುವಾಗಲೇ ಹೇಳಿಬಿಡುತ್ತೇನೆ, ಲಿಸ್ಟ್‌ನಲ್ಲಿ ‘ಯಾವ ಭಾಷೆ’ ಅಂತ ಒಂದು ಕಾಲಂ ಬೇಕೇ ಬೇಕು. ಹೋದ ವಾರ ಒಂದು ಲಿಸ್ಟ್ ಬಂತು, ಕಾಲಂ ಇತ್ತು, ಖುಷಿಯಾಯಿತು. ಮೇಲಿಂದ ಕೆಳಗಿನವರೆಗೂ ಒಂದೇ ಪದ ತುಂಬಿದ್ದರು: ‘ಫಾರಿನ್’.