ಕೈಯಲ್ಲಿ ಪಿರಾನೇಸಿ ಚಿತ್ರ ಇಟ್ಟುಕೊಂಡು ರೋಮ್ ನೋಡಿ

ರೋಮ್‌ಗೆ ಹೊರಡುವ ಮುಂಚೆ 18ನೇ ಶತಮಾನದ ಇಟಲಿಯ ಕಲಾವಿದ ಪಿರಾನೇಸಿಯ ನಾಲ್ಕೈದು ಅಚ್ಚುಚಿತ್ರಗಳನ್ನು ಫೋನಿಗೆ ಇಳಿಸಿಕೊಳ್ಳಿ. 1740ರ ದಶಕದಿಂದ 1778ರಲ್ಲಿ ತೀರಿಕೊಳ್ಳುವವರೆಗೂ ಆತ ರೋಮ್‌ನ ನೋಟಗಳನ್ನು ತಾಮ್ರದ ತಗಡಿನ ಮೇಲೆ ಕೊರೆದು ಕಾಗದಕ್ಕೆ ಅಚ್ಚು ಹಾಕುತ್ತಲೇ ಇದ್ದ. ಆ ನೋಟಗಳ ಸರಣಿಯಲ್ಲೇ 135 ಚಿತ್ರಗಳಿವೆ.

ಬೆಳಗ್ಗೆ ಬೇಗ ಎದ್ದು ಕ್ಯಾಪಿಟೋಲಿನ್ ಗುಡ್ಡದ ಹಿಂಬದಿಗೆ ಹೋಗಿ. ಅಲ್ಲಿಂದ ಇಡೀ ಫೋರಮ್, ಅಂದರೆ ಹಳೆಯ ರೋಮ್‌ನ ನಡುಬಯಲಿನ ಅವಶೇಷಗಳು ಕಾಣುತ್ತವೆ, ಟಿಕೆಟ್ ಬೇಡ. ಕೆಳಗೆ ವೆಸ್ಪೇಸಿಯನ್ ದೇವಾಲಯದ ಮೂರು ಕಂಬಗಳಿವೆ. ಈಗ ಫೋನ್ ತೆಗೆಯಿರಿ. ಚಿತ್ರದಲ್ಲಿ ಆ ಕಂಬಗಳ ಮೇಲ್ತುದಿ ಮಾತ್ರ ಮಣ್ಣಿನಿಂದ ಹೊರಗಿದೆ! ಪಕ್ಕದ ಸೆಪ್ಟಿಮಿಯಸ್ ಸೆವೆರಸ್ ಕಮಾನೂ ಅಷ್ಟೇ, ಕೆಳಭಾಗ ಪೂರ್ತಿ ಹೂತಿದೆ. ಆಗ ಈ ಜಾಗವನ್ನು ಕಾಂಪೊ ವಚ್ಚೀನೊ, ಅಂದರೆ ದನದ ಬಯಲು ಅಂತ ಕರೆಯುತ್ತಿದ್ದರು. ಅಷ್ಟು ಮಣ್ಣನ್ನು ಅಗೆದು ತೆಗೆದದ್ದು ಅವನ ಕಾಲದ ನಂತರ. ನಾನು ಅಲ್ಲೇ ಒಂದು ಗಂಟೆ ನಿಂತೆ.

ದೊಡ್ಡ ಗುಮ್ಮಟದ ಹಳೆಯ ದೇವಾಲಯ ಪ್ಯಾಂಥಿಯನ್ ಎದುರೂ ಹೀಗೇ ಮಾಡಿ. ಚಿತ್ರದಲ್ಲಿರುವ ಎರಡು ಗಂಟೆಗೋಪುರಗಳು ಈಗ ಇಲ್ಲ, 1883ರಲ್ಲಿ ಕೆಡವಿದರು. ಒಂದು ಮಾತು ನೆನಪಿರಲಿ: ಪಿರಾನೇಸಿ ಮನುಷ್ಯರನ್ನು ತೀರಾ ಚಿಕ್ಕದಾಗಿ ಬಿಡಿಸಿ ಕಟ್ಟಡಗಳನ್ನು ಹಿಗ್ಗಿಸುತ್ತಾನೆ. ಅಳತೆಗೆ ಅವನನ್ನು ನಂಬಬೇಡಿ.

ಅವನ ತಾಮ್ರದ ತಗಡುಗಳು ಟ್ರೆವಿ ಕಾರಂಜಿಯ ಪಕ್ಕದಲ್ಲೇ ಇರುವ ಇಸ್ಟಿಟ್ಯೂಟೊ ಚೆಂಟ್ರಾಲೆ ಪೆರ್ ಲಾ ಗ್ರಾಫಿಕಾ ಎಂಬ ಅಚ್ಚುಚಿತ್ರಗಳ ಸರ್ಕಾರಿ ಸಂಸ್ಥೆಯಲ್ಲಿವೆ. ಸುಮ್ನೆ ಹೋಗಿ ಬಾಗಿಲು ತಟ್ಟಬೇಡಿ. ಏನು ನೋಡಲು ಸಿಗುತ್ತದೆ ಎಂದು ಮೊದಲೇ ಬರೆದು ಕೇಳಿ.

ಕೊಳ್ಳುವ ಆಸೆ ಇದ್ದರೆ ಲಾರ್ಗೊ ಡೆಲ್ಲಾ ಫೊಂಟಾನೆಲ್ಲಾ ಬೊರ್ಗೆಸೆ ಎಂಬ ಚೌಕದಲ್ಲಿ ಹಳೆಯ ಪುಸ್ತಕ, ಅಚ್ಚುಚಿತ್ರಗಳ ಪುಟ್ಟ ಅಂಗಡಿಗಳಿವೆ. ಒಂದು ಭೂತಗನ್ನಡಿ ಜೊತೆಗಿರಲಿ. ನಾನು ಮೊದಲ ದಿನವೇ ಬೇರೊಂದು ಕಡೆ ಆತುರಪಟ್ಟು ಒಂದು 'ಹಳೆಯ' ಚಿತ್ರ ಕೊಂಡೆ. ಕೋಣೆಗೆ ಬಂದು ನೋಡಿದರೆ ಗೆರೆಗಳೆಲ್ಲ ಸಣ್ಣ ಸಣ್ಣ ಚುಕ್ಕೆ. ಅದು ಈಚಿನ ಯಂತ್ರದ ಪ್ರಿಂಟ್. ತಾಮ್ರದ ತಗಡಿನಿಂದ ತೆಗೆದದ್ದಾದರೆ ಗೆರೆ ತುಂಡಾಗದೆ ಹರಿಯುತ್ತದೆ, ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಬೆರಳಿಗೆ ಸಿಗುತ್ತದೆ. ಕಾಗದವನ್ನು ಬೆಳಕಿಗೆ ಹಿಡಿದರೆ ಒಳಗಿನ ಗುರುತು (ವಾಟರ್‌ಮಾರ್ಕ್) ಕಾಣಬಹುದು.

ಇಷ್ಟಾದರೂ ಪೂರ್ತಿ ಗ್ಯಾರಂಟಿ ಇಲ್ಲ. ಅವನು ಸತ್ತ ಮೇಲೂ ಅದೇ ತಗಡುಗಳಿಂದ ಪ್ಯಾರಿಸ್‌ನಲ್ಲಿ, ಆಮೇಲೆ ಮತ್ತೆ ರೋಮ್‌ನಲ್ಲಿ ಅಚ್ಚು ಹಾಕಿದರು. ತಗಡು ಸವೆದಂತೆ ಗೆರೆ ಮಂಕಾಗುತ್ತದೆ, ಬೆಲೆಯೂ ಇಳಿಯಬೇಕು. ಯಾವಾಗಿನ ಮುದ್ರಣ ಎಂದು ರಸೀದಿಯಲ್ಲಿ ಬರೆಸಿಕೊಳ್ಳಿ. 70 ವರ್ಷಕ್ಕಿಂತ ಹಳೆಯದನ್ನು ಇಟಲಿಯಿಂದ ಹೊರಗೆ ತರಲು ಕಾಗದಪತ್ರ ಬೇಕಾಗುತ್ತದೆ. ದುಡ್ಡು ಕೊಡುವ ಮುಂಚೆಯೇ ಅದನ್ನು ಕೇಳಿ.

ದೊಡ್ಡ ಚಿತ್ರಗಳು ಎರಡು ಅಡಿಗಿಂತ ಜಾಸ್ತಿ ಅಗಲ. ಮಡಚಬೇಡಿ. ಗಟ್ಟಿ ಕೊಳವೆಯಲ್ಲಿ ಸುತ್ತಿ ಕೈಯಲ್ಲೇ ತನ್ನಿ. ನಾನು ಕೊನೆಗೆ ತಂದದ್ದು ಆ ಮೂರು ಕಂಬಗಳ ತಡವಾದ ಮುದ್ರಣ. ಬಿಸಿಲು ಬೀಳದ ಗೋಡೆಯಲ್ಲಿದೆ.